ಹಸಿರು ಅಂಗಿಯ ಮಗಳು

"ಇದೇ ಥರ ಇನ್ನೊಂದು ಬೇಕು. ಬಣ್ಣ, ಕಾಲರ್, ಜೇಬು... ಎಲ್ಲಾ ಹೀಗೇ ಇರ್ಬೇಕು!"

ಕೌಂಟರಿನ ಮೇಲೆ ಬಂದು ಬಿದ್ದ ಹಸಿರು ಅಂಗಿಯನ್ನು ಟೈಲರ್ ಎತ್ತಿ ಹಿಡಿದ. ಅಂಗಿಯನ್ನು ನೋಡಿದ, ತಂದವಳನ್ನು ನೋಡಿದ, ಮತ್ತೆ ಅಂಗಿಯನ್ನು ನೋಡಿದ.

"ಬೇಜಾರು ಮಾಡ್ಕೋಬೇಡಿ ಮೇಡಂ. ಈ ಬಣ್ಣ ನಿಮಗೆ ಒಪ್ಪಲ್ಲ."

"ನಾನು ಬಟ್ಟೆ ಹೊಲಿಸೋಕೆ ಬಂದಿದ್ದೀನಿ. ಬುದ್ಧಿ ಹೇಳಿಸ್ಕೊಳ್ಳೋಕಲ್ಲ!"

ಎಂಥಾ ಮನುಷ್ಯನಪ್ಪಾ ಇವನು... ಬಾಯಿಗೆ ಬೀಗವೇ ಇಲ್ಲ! ಎಂದುಕೊಳ್ಳುತ್ತ ಅವಳು ದಡದಡನೆ ಮೆಟ್ಟಿಲಿಳಿದಳು.

ಆ ಬೀದಿಯ ಹೆಂಗಸರೂ ಇದನ್ನೇ ಹೇಳುತ್ತಿದ್ದರು. ನಿಮ್ಮ ಕುತ್ತಿಗೆ ಗಿಡ್ಡ, ಈ ಕಾಲರ್ ಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳುವವನು ಅವನು. ಆದರೂ ಬೈದುಕೊಂಡೇ ಬರುತ್ತಿದ್ದರು. ಅವನು ಹೊಲಿದ ಬಟ್ಟೆ ಮೈಮೇಲೆ ಅಷ್ಟು ಚೆನ್ನಾಗಿ ಕೂರುತ್ತಿತ್ತು.

ಅವಳೂ ಮತ್ತೆ ಬಂದಳು. ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಅವಳು. ಅಂಗಿ ಸವೆದಾಗಲೆಲ್ಲ ಹಳೆಯದನ್ನೇ ಮಾದರಿಗೆ ಕೊಡುವುದು, ಮತ್ತದೇ ಹಸಿರು, ಅದೇ ಬಿಳಿ ಕಾಲರ್. ಜಗಳದಿಂದ ಶುರುವಾದದ್ದು ಹರಟೆಯಾಯಿತು. ಬರಬರುತ್ತಾ ಅವಳು ಒಂದು ಗುಂಡಿ ಸಡಿಲವಾದರೂ ಬರತೊಡಗಿದಳು. ಮನೆಯಲ್ಲಿ ಸೂಜಿ ದಾರ ಇರಲಿಲ್ಲವೇ ಎಂದು ಕೇಳಬೇಡಿ!

"ಟೀಚರ್, ಒಂದೇ ಒಂದು ಸಲ ಬೇರೆ ಬಣ್ಣ..."

"ಆಗಲ್ಲ. ಮನೇಲಿ ಇದನ್ನೇ ಹಾಕ್ಬೇಕು."

ಹೇಳುವಾಗ ಅವಳ ಮುಖ ಬಾಡಿತು. ಯಾವನೋ ಹಠಮಾರಿ ಗಂಡಸು ಇವಳನ್ನು ಈ ಅಂಗಿಯೊಳಗೆ ಕೂಡಿ ಹಾಕಿದ್ದಾನೆ... ಎಂದು ಟೈಲರ್ ತನ್ನಷ್ಟಕ್ಕೆ ತಾನೇ ಕಥೆ ಕಟ್ಟಿಕೊಂಡ. ಕೇಳಬಹುದಿತ್ತು. ಊರಿಗೆಲ್ಲ ಪಟಪಟನೆ ಹೇಳುವ ಬಾಯಿ ಅವಳ ಮುಂದೆ ಮಾತ್ರ ಕಟ್ಟಿಹೋಗುತ್ತಿತ್ತು.

ಅವಳೂ ಹೇಳಬಹುದಿತ್ತು. ಮನೆಯ ಸಂಕಟವನ್ನು ಈ ಅಂಗಡಿಯೊಳಗೂ ಹೊತ್ತು ತರಲು ಅವಳಿಗೆ ಮನಸ್ಸಾಗಲಿಲ್ಲ. ನಗುವುದಕ್ಕೆಂದು ಅವಳಿಗಿದ್ದ ಜಾಗ ಅದೊಂದೇ.

ಒಂದು ಬೆಳಗ್ಗೆ, ಉಳಿದಿದ್ದ ಒಂದು ಅಂಗಿಯ ತೋಳೂ ಹರಿಯಿತು. ಅದನ್ನು ಮಾದರಿಗೆ ಕೊಟ್ಟು, ಗೆಳತಿಯ ಅಂಗಿ ತೊಟ್ಟು ಶಾಲೆಗೆ ಹೊರಟಳು.

"ಮನೆಗೆ ಹೋಗೋ ಮುಂಚೆ ಹೊಸದು ಬೇಕೇ ಬೇಕು. ಮರೀಬೇಡಿ!"

"ಖಂಡಿತ ಇರುತ್ತೆ, ಟೀಚರ್."

ಸಂಜೆ ಪೊಟ್ಟಣ ಸಿದ್ಧವಾಗಿತ್ತು. ಮನೆಯ ಹೊರಕೋಣೆಯಲ್ಲಿ ನಿಂತು ಬಿಚ್ಚಿದಳು... ಒಳಗಿದ್ದದ್ದು ದಾಳಿಂಬೆ ಬಣ್ಣದ ಅಂಗಿ!

ಓಡೋಡಿ ಅಂಗಡಿಗೆ ಬಂದರೆ ಬಾಗಿಲು ಹಾಕಿತ್ತು, ಮಾದರಿಗೆ ಕೊಟ್ಟ ಹಳೆಯ ಹಸಿರು ಅಂಗಿಯೂ ಒಳಗೇ ಉಳಿದಿತ್ತು. ಅಂಗಿ ನೋಡಿ ಅವಳು ಹೇಳುವುದನ್ನು ಕೇಳುವ ಧೈರ್ಯವಿಲ್ಲದೆ, ಪೊಟ್ಟಣ ಕೊಟ್ಟ ಕೂಡಲೇ ಟೈಲರ್ ಹೊರಟುಬಿಟ್ಟಿದ್ದ.

ಮನೆಗೆ ಮರಳಿ ಅದನ್ನೇ ತೊಟ್ಟಳು. ಕನ್ನಡಿಯಲ್ಲಿ ಕಂಡವಳು ಚೆನ್ನಾಗಿದ್ದಳು. ಇದು ನಾನಾ? ಎಂದು ಒಂದು ಗಳಿಗೆ ಆಸೆಯಿಂದ ನಿಂತಳು. ಆಮೇಲೆ ಬಾಗಿಲು ತಳ್ಳಿ ಒಳಗೆ ಹೋದಳು.

"ಅಮ್ಮಾ..."

ಅಮ್ಮ ಗೋಡೆಗೆ ಒತ್ತಿಕೊಂಡಳು. "ಯಾರು ನೀನು? ನನ್ನ ಮಗಳು ಬರೋ ಹೊತ್ತಾಯ್ತು. ಹೊರಗೆ ನಡಿ!"

ಅಮ್ಮನಿಗೆ ಮರೆವಿನ ಕಾಯಿಲೆ. ಮುಖಗಳೆಲ್ಲ ಅಳಿಸಿಹೋಗಿದ್ದವು. ಮಗಳಿಗೆ ಮೊದಲ ಕೆಲಸ ಸಿಕ್ಕಾಗ ತಾನೇ ಅಂಗಡಿ ಸುತ್ತಿ ಆರಿಸಿದ ಹಸಿರು ಬಟ್ಟೆಯೊಂದು ಮಾತ್ರ ಹೇಗೋ ನೆನಪಿನಲ್ಲಿ ನಿಂತಿತ್ತು. ಆ ಅಂಗಿ ತೊಟ್ಟು ಬಂದವಳೇ ಅವಳಿಗೆ ಮಗಳು. ಉಳಿದವರೆಲ್ಲ ಪರರು.

ಆ ಸಂಜೆ ಅಮ್ಮ ಒಂದು ತುತ್ತೂ ಮುಟ್ಟಲಿಲ್ಲ. ಕಿಟಕಿಯ ಬಳಿ ಕೂತು, "ನನ್ನ ಮಗು ಇನ್ನೂ ಬಂದಿಲ್ಲ... ಯಾರಾದ್ರೂ ನೋಡಿದ್ರಾ?" ಎಂದು ದಾರಿಯವರನ್ನೆಲ್ಲ ಕೇಳಿದಳು. ಮಗಳು ಅಡುಗೆಮನೆಯ ಬಾಗಿಲ ಹಿಂದೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಅತ್ತಳು.

ಮರುದಿನ ದಾಳಿಂಬೆ ಅಂಗಿ ಟೈಲರನ ಎದುರು ಬಂದು ಬಿತ್ತು.

"ನಿಮ್ಮನ್ನ ಯಾರು ಕೇಳಿದ್ರು? ಹೇಳಿ, ಯಾರು ಕೇಳಿದ್ರು?"

"ಟೀಚರ್... ಮನೇಲಿ ಯಾರೋ ನಿಮಗೆ ಹಿಂಸೆ ಕೊಡ್ತಿದ್ದಾರೆ ಅಂತ ನಾನು..."

"ಮನೇಲಿ ಇರೋದು ನಮ್ಮಮ್ಮ! ನನ್ನ ಮುಖ ಮರೆತುಹೋಗಿರೋ ನಮ್ಮಮ್ಮ. ಆ ಅಂಗಿ ಇದ್ರೆ ಮಾತ್ರ ನಾನವಳ ಮಗಳು. ಅವಳ ಜೊತೆ ಉಳಿದಿರೋದೇ ಸ್ವಲ್ಪ ಸಂಜೆ. ಅದರಲ್ಲಿ ಒಂದನ್ನ ನೀವು ಕಿತ್ಕೊಂಡ್ರಿ."

ಅವನು ಬೇರೆಲ್ಲಾ ಕೆಲಸ ಬದಿಗಿಟ್ಟು ಅಲ್ಲೇ ಹೊಲಿಯಲು ಕೂತ. ಹಸಿರು ಅಂಗಿ ಕೈಗೆ ಬಂದ ಕೂಡಲೇ ಅವಳು ತಿರುಗಿಯೂ ನೋಡದೆ ಹೋದಳು.

ಹಾಗೆ ಹೋದವಳು ಮತ್ತೆ ಬರಲಿಲ್ಲ. ಬೈದದ್ದು ಅವನನ್ನೇ ಆದರೂ, ಕನ್ನಡಿಯ ಮುಂದೆ ಆಸೆಪಟ್ಟು ನಿಂತ ತನ್ನನ್ನೂ ಅವಳು ಕ್ಷಮಿಸಿಕೊಂಡಿರಲಿಲ್ಲ.

ಕೆಲವು ತಿಂಗಳಿಗೆ ಅಮ್ಮ ತೀರಿಕೊಂಡಳು.

ಬಂದವರೆಲ್ಲ ಹೋದಮೇಲೆ ಅವಳು ಬೀರು ತೆರೆದಳು. ಇನ್ನೆಂದೂ ಕೊರತೆಯಾಗದಿರಲೆಂದು ಬೇರೆ ಕಡೆ ಹೊಲಿಸಿಟ್ಟ ಹಸಿರು, ಹಸಿರು, ಬರೀ ಹಸಿರು. "ಅದನ್ನೆಲ್ಲ ಯಾರಿಗಾದ್ರೂ ಕೊಟ್ಟು, ನಿಂಗಿಷ್ಟವಾದ ನಾಲ್ಕು ಬಟ್ಟೆ ತಗೊಳ್ಳೇ" ಎಂದಿದ್ದಳು ಚಿಕ್ಕಮ್ಮ. ಅವಳು ಬಟ್ಟೆ ಕೊಳ್ಳಲು ಹೊರಟಳು. ದೊಡ್ಡ ಅಂಗಡಿಯ ಹುಡುಗಿ ನಗುತ್ತಾ, "ನಿಮ್ಮ ಸ್ಟೈಲ್ ಯಾವುದು ಮೇಡಂ?" ಎಂದು ಕೇಳಿದಳು ಅಷ್ಟೇ. ನೂರಾರು ಬಟ್ಟೆಗಳ ನಡುವೆ ನಿಂತು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ನನಗೇನಿಷ್ಟ? ನನಗೇ ಗೊತ್ತಿಲ್ವಲ್ಲಾ...

ಕಾಲು ತಾನಾಗಿಯೇ ಆ ಮೆಟ್ಟಿಲು ಹತ್ತಿತು.

ಅಂಗಡಿ ಸದ್ದಿಲ್ಲದೆ ಇತ್ತು. ಟೈಲರ್ ಈಗ ಯಾರಿಗೂ ಏನೂ ಹೇಳುವುದಿಲ್ಲ, ಕೊಟ್ಟದ್ದನ್ನು ಹೊಲಿದುಕೊಡುತ್ತಾನೆ, ಬಡಪಾಯಿಗೆ ಏನಾಯಿತೋ ಎಂದು ಹೆಂಗಸರು ಮರುಗುತ್ತಿದ್ದರು. ಅವಳನ್ನು ಕಂಡು ಅವನು ಎದ್ದು ನಿಂತ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ಅಮ್ಮ...?"

ತಲೆಯಾಡಿಸಿದಳು. ಅವನು ಕುರ್ಚಿ ಸರಿಸಿ ಕೊಟ್ಟ, ನೀರು ತಂದಿಟ್ಟ. ನೀರು ಕುಡಿದು ಅವಳೇ ಕೇಳಿದಳು.

"ನಂಗೆ ಏನು ಒಪ್ಪುತ್ತೆ ಹೇಳಿ."

"ನಾನು ಹೇಳಲ್ಲ, ಟೀಚರ್. ಹೇಳಿ ಆದ ಅನಾಹುತ ಸಾಕು." ಸ್ವಲ್ಪ ತಡೆದು ಕೇಳಿದ, "ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡ್ತೀರಿ, ಅದನ್ನ ಹೇಳಿ."

"ಮಕ್ಕಳ ಜೊತೆ ನೆಲದ ಮೇಲೆ ಕೂರ್ತೀನಿ. ಬೋರ್ಡ್ ಮೇಲೆ ಬರೀತೀನಿ. ಸಿಂಬಳ ಒರೆಸ್ತೀನಿ. ಮೈತುಂಬಾ ಬಣ್ಣ ಚೆಲ್ಕೋತೀನಿ."

"ಹಾಗಾದ್ರೆ ಕೂತು ಏಳೋಕೆ ಸಡಿಲವಾದ ಪ್ಯಾಂಟು, ಕಲೆ ಕಾಣದಿರೋ ಬಣ್ಣ. ಕೈ ಎತ್ತಿದ್ರೆ ಭುಜ ಹಿಡೀಬಾರದು. ಕರವಸ್ತ್ರಕ್ಕೆ ದೊಡ್ಡ ಜೇಬು. ರಾಶಿ ಬೇಡ, ಯಾವುದರ ಮೇಲೆ ಯಾವುದು ಹಾಕಿದ್ರೂ ಹೊಂದೋ ಥರ ಸ್ವಲ್ಪವೇ ಸಾಕು. ಬಣ್ಣ ಮಾತ್ರ ನೀವೇ ಆರಿಸ್ಬೇಕು. ನಿಧಾನ ಮಾಡಿ, ಅವಸರವೇನಿಲ್ಲ."

ಅವನು ಬಟ್ಟೆಗಳನ್ನು ಹರವಿದ. ಅವಳು ಒಂದೊಂದನ್ನೇ ಸವರಿದಳು. ಬೂದು ಬಣ್ಣದ ಮೇಲೆ ಕೈ ನಿಂತಿತು, ಆಮೇಲೆ ತಿಳಿ ಹಳದಿಯ ಮೇಲೆ. ಎತ್ತಿಕೊಳ್ಳಲು ಹೋದವಳು ಕೈ ಹಿಂದೆಳೆದುಕೊಂಡಳು.

"ಒಂದು ಮಾತು ಯಾರಿಗೂ ಹೇಳಿಲ್ಲ," ಎಂದಳು. "ಕೊನೆಕೊನೆಗೆ ಹಸಿರು ಅಂಗೀಲೂ ಅಮ್ಮ ನನ್ನ ಗುರುತು ಹಿಡೀಲಿಲ್ಲ. ಆದ್ರೂ ದಿನಾ ಹಾಕ್ಕೊಂಡು ಹೋಗ್ತಿದ್ದೆ... ಇವತ್ತಾದ್ರೂ ಮಗಳೇ ಅಂತಾಳೇನೋ ಅಂತ. ಅನ್ನಲೇ ಇಲ್ಲ..."

ತಡೆದಿಟ್ಟ ಅಳುವೆಲ್ಲ ಒಮ್ಮೆಲೇ ನುಗ್ಗಿತು. ಟೈಲರನ ಕಣ್ಣೂ ತುಂಬಿತು. ಅವನು ಪಕ್ಕದಲ್ಲಿ ಕೂತು, ಅಳು ನಿಲ್ಲುವವರೆಗೂ ಅವಳ ಕೈ ಹಿಡಿದುಕೊಂಡ.

"ನಂಗೆ ನೀವಂದ್ರೆ ಇಷ್ಟ, ಟೀಚರ್. ಅವತ್ತು ಬಾಯಿಬಿಟ್ಟು ಹೇಳೋ ಧೈರ್ಯ ಇಲ್ದೆ ಅಂಗಿ ಹೊಲಿದೆ."

ಈ ಮಾತಿಗಾಗಿ ಅವಳ ಮನಸ್ಸು ಎಷ್ಟು ಕಾಲದಿಂದ ಕಾದಿತ್ತೋ! ಆದರೂ ಮೆಲ್ಲನೆ ಕೈ ಬಿಡಿಸಿಕೊಂಡಳು.

"ನನಗೂ ಇಷ್ಟ. ಅದಕ್ಕೇ ಭಯ. ಅಮ್ಮನ ಕಾಯಿಲೆ ನಾಳೆ ನಂಗೂ ಬಂದ್ರೆ? ಒಂದಿನ ನಿಮ್ಮನ್ನೇ ನೋಡಿ, ಯಾರು ನೀನು, ಹೊರಗೆ ನಡಿ ಅಂದ್ರೆ?"

"ಹೊರಗೆ ಹೋಗ್ತೀನಿ."

ಅವಳು ಬೆಚ್ಚಿ ಅವನನ್ನು ನೋಡಿದಳು.

"ಹೋಗಿ, ಬಾಗಿಲು ತಟ್ತೀನಿ. ನಾನು ಟೈಲರ್, ಅಳತೆ ತಗೊಳ್ಳೋಕೆ ಬಂದಿದ್ದೀನಿ ಅಂತೀನಿ. ದಿನಾ ಹೊಸದಾಗಿ ಪರಿಚಯ ಮಾಡ್ಕೋತೀನಿ."

"ನಾನು ಬಾಗಿಲು ತೆಗೀದಿದ್ರೆ?"

"ಮೆಟ್ಟಿಲ ಮೇಲೆ ಕೂತಿರ್ತೀನಿ. ಯಾವಾಗ ತೆಗೆದ್ರೂ ನಾನಲ್ಲೇ ಇರ್ತೀನಿ."

ಅವಳು ಬಿಡಿಸಿಕೊಂಡ ಕೈಯನ್ನು ತಾನೇ ಮುಂದೆ ತಂದು, ಅವನ ಅಂಗೈಯೊಳಗೆ ಇಟ್ಟಳು.