ಒಬ್ಬರಿಗೇ ತೆರೆಯುವ ಪೆಟ್ಟಿಗೆ

ಫೋನಣ್ಣನನ್ನು ಗೋದಾಮಿಗೆ ಹಾಕುವ ವಿಷಯ ಅವನಿಗಿಂತ ಮೊದಲು ಗೋದಾಮಿನವರಿಗೆ ತಿಳಿದಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚಿದ್ದು. ಹತ್ತೊಂಬತ್ತು ವರ್ಷ ಆ ಕಚೇರಿಯ ನೂರಾ ನಲವತ್ತು ಫೋನುಗಳು ಅವನು ಹೇಳಿದಂತೆ ಕೇಳಿದ್ದವು. ಯಾರ ಕರೆ ಯಾರ ಮೇಜಿಗೆ ಹೋಗಬೇಕು, ಯಾರು ಹೊರಗಿನ ನಂಬರು ಒತ್ತಬಹುದು, ಕಾಯುವವರ ಕಿವಿಗೆ ಯಾವ ಸಂಗೀತ, ಎಲ್ಲವನ್ನೂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಗೋಡೆಗೆ ಜಡಿದ ಎಕ್ಸ್‌ಚೇಂಜ್ ಪೆಟ್ಟಿಗೆಯ ಪಕ್ಕ ಕೂತು ತನ್ನ ಲ್ಯಾಪ್‌ಟಾಪಿನಿಂದ ಅವನೊಬ್ಬನೇ ತೀರ್ಮಾನಿಸುತ್ತಿದ್ದ. ಈಗ ಹೊಸ ಮ್ಯಾನೇಜರ್ ಆ ಪೆಟ್ಟಿಗೆಯನ್ನು ನಡೆಸುವ ಸಾಫ್ಟ್‌ವೇರನ್ನು ರಿಸೆಪ್ಷನ್ ಹುಡುಗಿಯ ಕಂಪ್ಯೂಟರಿಗೂ ಹಾಕಿಸಿದ್ದರು. ಸೋಮವಾರ ಹನ್ನೊಂದಕ್ಕೆ ಅವಳು ಎಲ್ಲರೆದುರು ಒಂದು ನಂಬರು ಬದಲಾಯಿಸಿ ತೋರಿಸಬೇಕು. ತೋರಿಸಿಬಿಟ್ಟರೆ ಮರುದಿನದಿಂದ ಫೋನಣ್ಣ ಗೋದಾಮಿನಲ್ಲಿ ರಟ್ಟಿನ ಡಬ್ಬ ಎಣಿಸಬೇಕು.

"ಅಲ್ಲಿ ಕೂರೋಕೆ ಕುರ್ಚಿಯಾದ್ರೂ ಇದ್ಯಾ?" ಎಂದಷ್ಟೇ ಕೇಳಿದಳು ಹೆಂಡತಿ. ಅವನು ಎದ್ದು ಹೋದ. ಅಪರಾಧದ ಯೋಚನೆ ಆಗಲೇ ತಲೆಗೆ ಹತ್ತಿತ್ತು.

ಭಾನುವಾರವಿಡೀ ಅವನು ಅದನ್ನು ಸಾಣೆ ಹಿಡಿದ. ಕೇಬಲ್ ಕೀಳುವುದು ಒರಟು ಕೆಲಸ. ಯಾರ ಕಣ್ಣಿಗೂ ಬೀಳುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಬದಲಿಸಿದವನು ಯಾರೆಂದು ಕೇಳಬೇಕಾಗಿಯೇ ಇಲ್ಲ. ಹಾಗಾದರೆ ಏನನ್ನೂ ಮುಟ್ಟಬಾರದು. ಆ ಪೆಟ್ಟಿಗೆ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತದೆಂದು ಕೈಪಿಡಿಯ ಒಂದು ಮೂಲೆಯಲ್ಲಿ ಅವನು ಓದಿದ್ದ. ತಾನು ಮೊದಲೇ ಒಳಹೊಕ್ಕು ಕೂತರೆ ಮುಗಿಯಿತು; ಅವಳು ಎಷ್ಟು ತಟ್ಟಿದರೂ ಬಾಗಿಲು ತೆರೆಯದು. ಮುರಿದದ್ದಿಲ್ಲ, ಕೆಡಿಸಿದ್ದಿಲ್ಲ. ಸಾಕಷ್ಟು ಹೊತ್ತು ಗೋಳಾಡಿಸಿ, ಆಮೇಲೆ ತಾನು ಮೆಲ್ಲಗೆ ಹೊರಬಂದು, "ಈಗ ನೋಡಮ್ಮಾ" ಅಂದರೆ ಪವಾಡ. ಪವಾಡ ಮಾಡಿದವನ ಕೈಗೆ ಯಾರು ರಟ್ಟಿನ ಡಬ್ಬ ಕೊಡುತ್ತಾರೆ?

ಸೋಮವಾರ ಹತ್ತೂ ಐವತ್ತಕ್ಕೆ ತನ್ನ ಲ್ಯಾಪ್‌ಟಾಪಿನಿಂದ ಪೆಟ್ಟಿಗೆಯ ಒಳಹೊಕ್ಕ. ಪೆಟ್ಟಿಗೆಯ ಹತ್ತಿರ ತಿಳಿದವರೊಬ್ಬರು ಇರಲೇಬೇಕು ಎಂದು ಮೊದಲೇ ಹೇಳಿಟ್ಟು ಕೋಣೆಯಲ್ಲೇ ಉಳಿದಿದ್ದ. ಹನ್ನೊಂದೂ ಎರಡಕ್ಕೆ ಅವನ ಫೋನು ಬಡಿದುಕೊಂಡಿತು. ಕನೆಕ್ಷನ್ ಸಿಗುತ್ತಿಲ್ಲ, ಸ್ಪೀಕರ್ ಹಾಕಿದ್ದೇನೆ, ಎಲ್ಲರೂ ಇಲ್ಲೇ ಇದ್ದಾರೆ ಎಂದಳು ಹುಡುಗಿ. ಅವನು ದೀರ್ಘವಾಗಿ ನಿಟ್ಟುಸಿರು ಬಿಟ್ಟ. ಅದನ್ನೂ ಹಿಂದಿನ ದಿನ ಅಭ್ಯಾಸ ಮಾಡಿದ್ದ.

ಪ್ರೋಗ್ರಾಂ ಮುಚ್ಚಿ ತೆರೆಸಿದ. ಕಂಪ್ಯೂಟರ್ ಆರಿಸಿ ಹಚ್ಚಿಸಿದ. ಕೇಬಲನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಲು ಹೇಳಿದ. ಪೆಟ್ಟಿಗೆಯ ವಿಳಾಸವನ್ನು ಒಂದೊಂದೇ ಅಂಕಿಯಾಗಿ ಮೂರು ಸಲ ಟೈಪ್ ಮಾಡಿಸಿದ. ನಡುನಡುವೆ, ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಪೆಟ್ಟಿಗೆಯ ಮನಸ್ಸು ತಿಳಿದಿರಬೇಕು ಎಂದೂ ಸೇರಿಸಿದ. ಪ್ರತಿ ಸಲವೂ ಅವಳದು ಒಂದೇ ಉತ್ತರ: "ಹೂಂ ಅಣ್ಣ, ಮತ್ತೆ ಅದೇ ಬರ್ತಿದೆ." ಅವಳ ಹಿಂದೆ ಇಪ್ಪತ್ತು ಜನರ ಮೌನ. ಅಂಥ ಮೌನವನ್ನು ಅವನು ಎಂದೂ ಕೇಳಿರಲಿಲ್ಲ. ಗೌರವಕ್ಕೂ ಒಂದು ಸದ್ದಿದೆ ಎಂದುಕೊಂಡ.

ನಲವತ್ತು ನಿಮಿಷವಾದ ಮೇಲೆ ಪವಾಡದ ಹೊತ್ತು ಬಂತು. ಅದಕ್ಕೆ ಮುನ್ನುಡಿಯಾಗಿ ಡಾಕ್ಟರರ ದನಿಯಲ್ಲಿ ಕೇಳಿದ: "ಅದೇ ಅದೇ ಅಂತೀಯಲ್ಲ, ತೆರೆ ಮೇಲೆ ಏನು ಬರ್ತಿದೆ, ಸ್ವಲ್ಪ ಓದು ನೋಡೋಣ." ಹತ್ತೊಂಬತ್ತು ವರ್ಷ ಆ ಪೆಟ್ಟಿಗೆಯೊಳಗೆ ಹೋಗುತ್ತಿದ್ದವನು ಅವನೊಬ್ಬನೇ. ಎರಡನೆಯವರಾಗಿ ಬಂದವರಿಗೆ ಅದು ಏನು ಹೇಳುತ್ತದೆಂದು ನೋಡುವ ಸಂದರ್ಭವೇ ಅವನಿಗೆ ಬಂದಿರಲಿಲ್ಲ. ಹುಡುಗಿ ಗಂಟಲು ಸರಿಮಾಡಿಕೊಂಡಳು. "ಬೇರೆಯವರು ಈಗಾಗ್ಲೇ ಒಳಗಿದ್ದಾರೆ ಅಂತ ಬರ್ತಿದೆ ಅಣ್ಣ. ಕೆಳಗೆ ನಿಮ್ಮ ಹೆಸರಿದೆ, ಹತ್ತೂ ಐವತ್ತರಿಂದ ಅಂತ ಟೈಮೂ ಇದೆ. ಮೊದಲ್ನೇ ಸಲಾನೇ ಬಂತು. ಹೇಳೋಣ ಅಂದ್ಕೊಂಡೆ, ನೀವು ಅಷ್ಟು ಮನಸಿಟ್ಟು ರಿಪೇರಿ ಮಾಡ್ತಿದ್ರಲ್ಲ, ತಡೀಬೇಡ ಅಂತ ಮ್ಯಾನೇಜರ್ ಸಾರ್ ಕೈಸನ್ನೆ ಮಾಡಿದ್ರು."