ಸಂಡಿಗೆ ಪಕ್ಕದ ತಟ್ಟೆ

"ಗಸಗಸೆ ಯಾಕೇ ಒಣಗಾಕಿದೀಯಾ ಕಾವ್ಯ? ಪಾಯ್ಸ ಮಾಡ್ತೀಯೇನೇ?"

ತಾರಸಿಯಲ್ಲಿ ಸಂಡಿಗೆ ಮಗುಚುತ್ತಿದ್ದ ಸಿದ್ದಗಂಗಮ್ಮಜ್ಜಿ ಪಕ್ಕದ ತಟ್ಟೆ ನೋಡಿ ನಕ್ಕರು.

"ಗಸಗಸೆ ಅಲ್ಲಜ್ಜಿ. ಚಿಕ್ಕಮ್ಮನ ಕಾಲೇಜಿಂದು. ಉಪ್ಪುನೀರಿನ ಸೀಗಡಿ ಮೊಟ್ಟೆ."

"ಶಿವಶಿವಾ! ನನ್ ಸಂಡಿಗೆ ಪಕ್ಕ ಮೊಟ್ಟೆನಾ?" ಅಜ್ಜಿ ಚಾಪೆಯನ್ನು ದರದರ ಎಳೆದುಕೊಂಡು ತಾರಸಿಯ ಆ ತುದಿಗೆ ಹೋದರು.

ಚಿಕ್ಕಮ್ಮ ಸ್ವರ್ಣಲತಾ ಕಾಲೇಜಿನ ಲ್ಯಾಬಿನಲ್ಲಿ ಇಂಥ ಒಣ ಮೊಟ್ಟೆಗಳ ಶೀಶೆಗಳನ್ನು ಜೋಪಾನ ಮಾಡುತ್ತಿದ್ದರು. ಅಲ್ಲಿನ ಫ್ರಿಜ್ ಕೆಟ್ಟಿದ್ದರಿಂದ, ಆರು ವರ್ಷ ಹಳೆಯ ಈ ಶೀಶೆ ಬಟವಾಡಿ ಬಡಾವಣೆಯ ಈ ಮನೆಯ ಫ್ರಿಜ್ ಸೇರಿತ್ತು. ಅದೂ ಅಜ್ಜಿಗೆ ಕಾಣದಂತೆ, ಹಾರ್ಲಿಕ್ಸ್ ಡಬ್ಬದೊಳಗೆ! "ಈ ಜಾತೀದು ಇದೊಂದೇ ಇರೋದು ಕಣೇ. ಒಣಗಿದ್ರೆ ವರ್ಷಗಟ್ಲೆ ಬದುಕಿರ್ತವೆ, ತೇವ ತಾಕಿದ್ರೆ ಮುಗೀತು" ಎಂದಿದ್ದರು ಚಿಕ್ಕಮ್ಮ.

ಬೆಳಿಗ್ಗೆ ಕಾವ್ಯ ಸುಮ್ಮನೆ ನೋಡೋಣವೆಂದು ಶೀಶೆ ಹೊರತೆಗೆದಳು. ಗಾಜಿನ ಮೇಲೆಲ್ಲ ನೀರಹನಿ! ತೇವ ತಾಕಿಯೇಬಿಟ್ಟಿತು ಅಂದುಕೊಂಡಳು. ಅಜ್ಜಿ ಏನು ನೆನೆದರೂ ಬಿಸಿಲಿಗೆ ಹಾಕುತ್ತಾರಲ್ಲ, ಮೊಟ್ಟೆಯನ್ನೆಲ್ಲ ತಟ್ಟೆಗೆ ಸುರಿದು ಹಾಗೇ ಮಾಡಿದಳು.

ಮಧ್ಯಾಹ್ನ ಚಿಕ್ಕಮ್ಮ ಬಂದರು. ತಟ್ಟೆ ನೋಡಿ ಮೆಟ್ಟಿಲ ಮೇಲೇ ಕುಳಿತುಬಿಟ್ಟರು.

"ಬಿಸಿಲಿಗಾ? ಬಿಸಿಗೆ ಸತ್ತೋಗ್ತಾವೆ ಕಣೇ! ಎಷ್ಟೊತ್ತಾಯ್ತು?"

"ಐದು ನಿಮಿಷ" ಎಂದಳು ಕಾವ್ಯ. ಇಟ್ಟು ಎರಡು ಗಂಟೆಯಾಗಿತ್ತು.

ಚಿಕ್ಕಮ್ಮ ತಟ್ಟೆಯಲ್ಲಿದ್ದದ್ದನ್ನು ಶೀಶೆಗೆ ತುಂಬಿ, ಗಾಜಿನ ಲೋಟದಲ್ಲಿ ಉಪ್ಪುನೀರು ಮಾಡಿ ಒಂದು ಚಿಟಿಕೆ ಮೊಟ್ಟೆ ಉದುರಿಸಿದರು. ಮೇಲೆ ಟೇಬಲ್ ಲ್ಯಾಂಪ್ ಹಚ್ಚಿದರು. "ಬದುಕಿದ್ರೆ ಮರಿ ಆಗ್ತವೆ. ನೋಡೋಣ."

ಮರುದಿನ ಏನೂ ಇಲ್ಲ. ಕಾವ್ಯಳಿಗೆ ಊಟ ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಕೂಗಿದ್ದು ಅಜ್ಜಿ!

"ಲೇ, ಓಡಿ ಬನ್ರೇ! ಅಲ್ಲಾಡ್ತಾವೆ!"

ಲೋಟದ ತುಂಬ ಕಿತ್ತಳೆ ಬಣ್ಣದ ಚುಕ್ಕಿಗಳು ಕುಣಿಯುತ್ತಿದ್ದವು. ಕಾವ್ಯ ಅಜ್ಜಿಯನ್ನು ತಬ್ಬಿಕೊಂಡು ಕುಣಿದೇ ಕುಣಿದಳು.

"ಆರು ವರ್ಷ ಉಪವಾಸ ಇದ್ದವಲ್ಲೇ ಪಾಪ! ಇನ್ಮೇಲೆ ಡಬ್ಬದೊಳಗೆ ಬಚ್ಚಿಡ್ಬೇಡಿ, ಫ್ರಿಜ್ಜಲ್ಲಿ ಎದುರಿಗೇ ಇಡಿ" ಎಂದರು ಅಜ್ಜಿ.

ಚಿಕ್ಕಮ್ಮ ಶೀಶೆಗೆ ಅಂಟಿಸುವ ಚೀಟಿ, ಪೆನ್ನು ಕೊಟ್ಟರು. "ಶೀಶೆಗೆ ಏನೇನಾಯ್ತು ಅಂತ ಬರೆದಿಡ್ಬೇಕು. ಹತ್ತು ವರ್ಷ ಆದ್ಮೇಲೆ ಯಾರೋ ತೆಗೀತಾರೆ, ಅವ್ರು ಈ ಚೀಟೀನೇ ನಂಬೋದು. ಐದು ನಿಮಿಷ ಬಿಸಿಲು ಅಂತ ಬರಿ."

ಕಾವ್ಯ ಲೋಟದ ಕಡೆ ನೋಡಿದಳು. ಆಮೇಲೆ ದುಂಡಗೆ ಬರೆದಳು: 'ಬಿಸಿಲಿನಲ್ಲಿ ಎರಡು ಗಂಟೆ. ಇಟ್ಟವಳು ಕಾವ್ಯ, ಐದನೇ ಕ್ಲಾಸ್.'

ಚಿಕ್ಕಮ್ಮ ಓದಿದರು. ಎರಡನೇ ಸಲವೂ ಓದಿದರು. ಆಮೇಲೆ ಶೀಶೆಯನ್ನು ಕಾವ್ಯಳ ಕೈಗೇ ಕೊಟ್ಟು, "ಹೋಗು, ಫ್ರಿಜ್ಜಲ್ಲಿಡು" ಎಂದರು.