ಖಡ್ಗರಾಜನ ವಿದ್ಯಾರ್ಹತೆ

"ನಾನು ಒಬ್ಬ ನಟನಾಗಿ ಗುರುತಿಸಿಕೊಂಡಿರುವ ನಟ," ಎಂದಿತು ಮಾತುಪ್ರತಿಮೆ. "ನನ್ನ ಬಾಲ್ಯವನ್ನು ಚಿಕ್ಕ ವಯಸ್ಸಿನಲ್ಲಿಯೇ ಕಳೆದೆ. ನನ್ನ ಎತ್ತರ ಐದು ಅಡಿ ಹನ್ನೊಂದು ಅಂಗುಲ. ಇಷ್ಟದ ಬಣ್ಣ ನೀಲಿ. ಇಷ್ಟದ ತಿನಿಸು ಮಂಡಕ್ಕಿಯ ಗಿರ್ಮಿಟ್. ವಿದ್ಯಾರ್ಹತೆ ಎಂ.ಎ. ನಾನು ಅವಿವಾಹಿತ. ನಿಧನರಾಗುವ ಮೂಲಕ ನಾನು ಅಭಿಮಾನಿಗಳಿಗೆ ಆಘಾತ ನೀಡಿದೆ."

ಹುಬ್ಬಳ್ಳಿಯ ಹೊಸ ಸಿನಿಮಾ ಸಂಗ್ರಹಾಲಯದ ಸಭಾಂಗಣದಲ್ಲಿ ಸಮಿತಿಯ ಹನ್ನೆರಡು ಮಂದಿ ಸದಸ್ಯರು ಚಪ್ಪಾಳೆ ತಟ್ಟಿದರು. ಅದು ೨೦೬೪ನೆಯ ಇಸವಿ. ತೀರಿಕೊಂಡವರ ದೇಹವನ್ನು ಬೆಳಕಿನಿಂದ ಕಟ್ಟಿ, ಅವರ ಬಗ್ಗೆ ಅಂತರ್ಜಾಲದಲ್ಲಿರುವ ಬರಹಗಳಿಂದ ಅವರಿಗೆ ಮಾತು ತುಂಬುವ ಯಂತ್ರವೇ ಮಾತುಪ್ರತಿಮೆ. ನಲವತ್ತು ಊರುಗಳಲ್ಲಿ ಈಗಾಗಲೇ ನಲವತ್ತು ಪ್ರತಿಮೆಗಳು ನಿಂತು ಮಾತಾಡುತ್ತಿದ್ದವು. ಶನಿವಾರ ಉದ್ಘಾಟನೆಯಾಗಬೇಕಿದ್ದ ಈ ನಲವತ್ತೊಂದನೆಯದು ಖಳನಟ ಖಡ್ಗರಾಜನದು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಎಂಬತ್ತನಾಲ್ಕು ವರ್ಷದ ನೀಲವ್ವ ಚಪ್ಪಾಳೆ ತಟ್ಟಲಿಲ್ಲ. ಖಡ್ಗರಾಜ ಎಂಬ ಹೆಸರು ಯಾವನೋ ನಿರ್ಮಾಪಕ ಇಟ್ಟದ್ದು. ಮನುಷ್ಯನ ಹೆಸರು ಫಕೀರಪ್ಪ ಮಾದನೂರ. ನೀಲವ್ವ ಅವನ ಹೆಂಡತಿ.

"ಐದು ಅಡಿ ಹನ್ನೊಂದು ಅಂಗುಲ ಅಂತ," ಎಂದಳು ಆಕೆ, ಪಕ್ಕದಲ್ಲಿದ್ದ ವಿಜ್ಞಾನಿಗೆ ಕೇಳುವಂತೆ. "ಹೀರೋನ ಮುಂದ ನಿಂತು ಬೈಬೇಕಂದ್ರ ಇವ್ರ ಕಾಲ ಕೆಳಗ ಒಂದು ಖುರ್ಚಿ ಇಡತಿದ್ರು. ಹೋಗ್ಲಿ, ಉದ್ದ ಆದ್ರ ಆಗ್ಲಿ. ಎಮ್ಮೇ ಯಾವಾಗ ಓದಿದ್ರು, ತಮ್ಮಾ?"

ಮಾತುಪ್ರತಿಮೆಯನ್ನು ಕಂಡುಹಿಡಿದ ಡಾ. ಶಶಿಕಾಂತ ಬೆಳವಟಗಿಗೆ ಐವತ್ತೊಂಬತ್ತು ವರ್ಷ. ತಮ್ಮಾ ಎಂದು ಅವನನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಸದಸ್ಯರೆಲ್ಲ ಚಹಾಕ್ಕೆ ಹೋದ ಮೇಲೆ ಅವನು ನೀಲವ್ವಳನ್ನು ಯಂತ್ರದ ಕೋಣೆಗೆ ಕರೆದುಕೊಂಡು ಹೋದ.

"ನೀಲವ್ವಾರ, ನಾಲ್ಕುನೂರಾ ಹನ್ನೆರಡು ಪುಟದಾಗ ಎಂ.ಎ. ಅಂತ ಐತ್ರಿ. ಅಷ್ಟೂ ಪುಟದಾಗ ಮದುವಿ ಆಗಿಲ್ಲ ಅಂತ ಐತಿ. ಯಂತ್ರ ಎಣಿಸಿ ನೋಡ್ತದ. ಹೆಚ್ಚು ಮಂದಿ ಯಾವುದು ಒಪ್ಯಾರ, ಅದು ಖರೆ ಅಂತ ತಗೋತದ."

"ನಾ ಒಬ್ಬಾಕಿ ಹೆಂಡ್ತಿ ಅದೀನಲ್ಲ."

"ನೀವು ಹೇಳಿದ್ದೂ ಹಾಕೇವ್ರಿ. ಆದ್ರ ಅದು ಒಂದ ಪುಟ."

"ನಾಲ್ಕುನೂರು ಹೆಂಡ್ರು ಬೇಕಿತ್ತೇನು ಹಂಗಾದ್ರ?"

ನೀಲವ್ವಳ ತಕರಾರು ಬರೀ ಮದುವೆಯದಾಗಿರಲಿಲ್ಲ. ಫಕೀರಪ್ಪನಿಗೆ ಓದಲು ಬರುತ್ತಿರಲಿಲ್ಲ. ಒಂದು ಅಕ್ಷರವೂ ಬರುತ್ತಿರಲಿಲ್ಲ. ನಾಳೆಯ ದೃಶ್ಯದ ಹಾಳೆಗಳನ್ನು ಅವನು ಮನೆಗೆ ತರುತ್ತಿದ್ದ. ನೀಲವ್ವ ರೊಟ್ಟಿ ಬಡಿಯುತ್ತ ಅವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವನು ಕಟ್ಟೆಯ ಮೇಲೆ ಕುಳಿತು ಮೂರು ಸಲ ಕೇಳಿ, ನಾಲ್ಕನೆಯ ಸಲ ತಾನೇ ಹೇಳುತ್ತಿದ್ದ. ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೂ ಆಕೆಯ ಓದಿನಿಂದಲೇ ಬಂದದ್ದು. ಮೂವತ್ತು ವರ್ಷ, ನೂರಾ ಅರವತ್ತು ಸಿನಿಮಾ. ಜನ ಹೆದರಿದ್ದು ಅವನ ಮುಖಕ್ಕಾದರೂ, ಆ ಮಾತಿನ ಹದ ಹುಬ್ಬಳ್ಳಿಯ ಉಣಕಲ್ಲಿನ ಒಂದು ಅಡುಗೆಮನೆಯದು. ಶನಿವಾರದಿಂದ ಶಾಲೆಯ ಮಕ್ಕಳು ಸಾಲಾಗಿ ಬಂದು, ಎಂ.ಎ. ಓದಿದ ಅವಿವಾಹಿತನೊಬ್ಬನ ಮಾತು ಕೇಳಿ ಹೋಗುವವರಿದ್ದರು. ನೀಲವ್ವ ಮಾಡಿದ ಕೆಲಸ ಆಕೆ ಬದುಕಿರುವಾಗಲೇ ಇಲ್ಲವಾಗುವುದರಲ್ಲಿತ್ತು.

"ಮೊದಲು ಬರೆದಾಂವ ಯಾರು?" ಎಂದು ಕೇಳಿದಳು. "ಅವನ್ನ ಕರೀರಿ. ನಾ ಮಾತಾಡ್ತೀನಿ."

ಯಾವ ಪುಟ ಯಾವುದರ ನಕಲು ಎಂದು ಯಂತ್ರ ತೋರಿಸಬಲ್ಲದು, ವಂಶವೃಕ್ಷ ಬಿಡಿಸಿದ ಹಾಗೆ. ಶಶಿಕಾಂತ ಅಭಿಮಾನದಿಂದಲೇ ಪರದೆ ತೆರೆದ. ನಾಲ್ಕುನೂರಾ ಹನ್ನೆರಡು ಪುಟಗಳು ಸಾಲುಗಟ್ಟಿದವು. ಒಬ್ಬ ಬರೆದದ್ದನ್ನು ಇನ್ನೊಬ್ಬ ಕದ್ದಿದ್ದ, ಕಳ್ಳತನ ಕಾಣದಿರಲೆಂದು ಪದಗಳನ್ನು ಬದಲಿಸಿದ್ದ. ಒಂದು ಪುಟದಲ್ಲಿ ಖಡ್ಗರಾಜ "ತನ್ನ ಶೈಶವವನ್ನು ಎಳೆಯ ಪ್ರಾಯದಲ್ಲಿ ಯಶಸ್ವಿಯಾಗಿ ಪೂರೈಸಿದ್ದ." ಇನ್ನೊಂದರಲ್ಲಿ ಅವನು "ಹುಟ್ಟಿನಿಂದಲೇ ಜನಿಸಿದ ಪ್ರತಿಭೆ." ಮೂರನೆಯದು ಅವನ ಸಾವಿನ ನಂತರದ ಮುಂಬರುವ ಚಿತ್ರಗಳ ಪಟ್ಟಿ ಕೊಟ್ಟಿತ್ತು. ಇದನ್ನೆಲ್ಲ ಲಕ್ಷಾಂತರ ಮಂದಿ ಓದಿದ್ದರು, ಯಾರೂ ನಕ್ಕಿರಲಿಲ್ಲ. ಓದಿದ್ದಾರೆ ಎನ್ನುವುದೂ ಹೆಚ್ಚಾಯಿತು. ಎತ್ತರ, ತೂಕ, ಹೆಂಡತಿ ನೋಡಿ ಪುಟ ಮುಚ್ಚಿದ್ದರು.

ಕೊಂಬೆಗಳೆಲ್ಲ ಕೆಳಗಿಳಿದು ಒಂದೇ ಬೇರಿಗೆ ಬಂದು ನಿಂತವು. ೨೦೨೬ರ ಜನವರಿ. ಬರೆದವರು: ಸಂಪಾದಕೀಯ ಬಳಗ.

ಶಶಿಕಾಂತ ಆ ಪುಟವನ್ನು ಓದಿದ. ಗಿರ್ಮಿಟ್ ಎಂಬಲ್ಲಿಗೆ ಬಂದವನು ಮತ್ತೆ ಮೊದಲಿನಿಂದ ಓದಿದ.

ಆ ಬಳಗದಲ್ಲಿದ್ದವನು ಅವನೊಬ್ಬನೇ. ಧಾರವಾಡದ ಹಾಸ್ಟೆಲಿನಲ್ಲಿ ಇಪ್ಪತ್ತೊಂದರ ಹುಡುಗನಾಗಿದ್ದಾಗ ಹದಿನಾಲ್ಕು ತಿಂಗಳು ಅವನು ಯಾವುದೋ ಜಾಲತಾಣಕ್ಕೆ ಗಣ್ಯರ ಜೀವನಚರಿತ್ರೆ ಬರೆದುಕೊಟ್ಟಿದ್ದ. ಚರಿತ್ರೆಯೆಂದರೆ ಒಂದು ನಮೂನೆ: ಎತ್ತರ, ಬಣ್ಣ, ತಿನಿಸು, ವಿದ್ಯಾರ್ಹತೆ, ವೈವಾಹಿಕ ಸ್ಥಿತಿ. ಒಂದು ಕಾಲಂ ಖಾಲಿ ಬಿಟ್ಟರೂ ಪುಟ ಮುಂದೆ ಹೋಗುತ್ತಿರಲಿಲ್ಲ. "ಗೊತ್ತಿಲ್ಲ" ಎಂದು ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ಆದ್ದರಿಂದ ಗೊತ್ತಿಲ್ಲದ ಕಡೆಯೆಲ್ಲ ಅವನು ತನ್ನದನ್ನೇ ತುಂಬುತ್ತಿದ್ದ. ನೀಲಿ ಬಣ್ಣ ಅವನದು. ಗಿರ್ಮಿಟ್ ಅವನದು. ಎಂ.ಎ. ಅವನ ಅಣ್ಣನದು. ಅವಿವಾಹಿತನೂ ಅವನೇ.

ನಲವತ್ತು ಊರಿನ ಪ್ರತಿಮೆಗಳೂ ಗಿರ್ಮಿಟ್ ಇಷ್ಟವೆನ್ನುತ್ತಿದ್ದವು. ಮೈಸೂರಿನ ನರ್ತಕಿಯೂ ಹೇಳುತ್ತಿದ್ದಳು, ಕರಾವಳಿಯ ಭಾಗವತರೂ ಹೇಳುತ್ತಿದ್ದರು. ಇದರಿಂದ ಸಂತೋಷಗೊಂಡು ಶಶಿಕಾಂತ, ಕನ್ನಡದ ಕಲಾವಿದರಿಗೂ ಮಂಡಕ್ಕಿಗೂ ಇರುವ ಸಂಬಂಧದ ಮೇಲೆ ಮೂವತ್ತು ಪುಟಗಳ ಸಂಶೋಧನಾ ಲೇಖನ ಬರೆದಿದ್ದ. ಅದಕ್ಕೆ ಬಹುಮಾನವೂ ಬಂದಿತ್ತು.

"ಯಾರಂತ?" ಎಂದಳು ನೀಲವ್ವ.

ಶಶಿಕಾಂತ ಪರದೆಯಿಂದ ಆಕೆಯತ್ತ ತಿರುಗಿದ. ಆಮೇಲೆ ಹೇಳಿದ: "ನಾನ ರೀ. ಧಾರವಾಡದ ಹಾಸ್ಟೆಲಿನಾಗ ಇದ್ದಾಗ."

ನೀಲವ್ವ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಹಂಗಾದ್ರ ಸುಲಭ ಆತು. ಸುಳ್ಳು ಅಂತ ಬರದು ಕೊಡ್ರಿ."

ಸುಲಭವಾಗಿರಲಿಲ್ಲ. ಬರೆದವನೇ ತನ್ನ ಬರಹವನ್ನು ಹಿಂತೆಗೆದುಕೊಳ್ಳಲು ಯಂತ್ರದಲ್ಲಿ ಒಂದು ಗುಂಡಿಯಿತ್ತು. ಕಾನೂನಿಗಾಗಿ ಇಟ್ಟದ್ದು, ಯಾರೂ ಬಳಸಿರಲಿಲ್ಲ. ಆದರೆ ಯಂತ್ರ ಲೇಖಕನನ್ನು ಹೆಸರಿನಿಂದಲ್ಲ, ವಾಕ್ಯ ಕಟ್ಟುವ ರೀತಿಯಿಂದ ಗುರುತಿಸುತ್ತಿತ್ತು. ಒಮ್ಮೆ ಅವನು ಹಿಂತೆಗೆದರೆ ಅವನ ಕೈಯ ಎಲ್ಲ ಪುಟಗಳೂ, ಅವುಗಳ ಎಲ್ಲ ನಕಲುಗಳೂ ಒಟ್ಟಿಗೆ ಬೀಳುತ್ತವೆ. ಶಶಿಕಾಂತ ಎಣಿಕೆ ಕೇಳಿದ. ಯಂತ್ರ ಹೇಳಿತು: ನಲವತ್ತೊಂದು ಪ್ರತಿಮೆಗಳಿಗೂ ಬೇರು ಇದೇ ಕೈ.

"ಒಂದು ಕೆಲಸ ಮಾಡೋಣ್ರಿ," ಎಂದ ಅವನು. "ನಿಮ್ಮ ಹೆಸರು ಗ್ವಾಡಿ ಮ್ಯಾಲೆ ಹಾಕಸ್ತೀನಿ. ಹಿತ್ತಾಳಿ ಫಲಕ. ದೊಡ್ಡ ಅಕ್ಷರ."

"ಆ ಫಲಕದ ಬಾಜೂಕ ನಿಂತು ಅವ್ರು ಮದುವಿ ಆಗಿಲ್ಲ ಅಂತಿರ್ತಾರ. ಮಂದಿ ನನ್ನ ಏನಂತ ತಿಳ್ಕೋಬೇಕು?"

"ಉಳಿದ ನಲವತ್ತು ಪ್ರತಿಮಿ ಮೂಕ ಆಗ್ತಾವ್ರಿ. ಇಪ್ಪತ್ತೆರಡು ವರ್ಷದ ಕೆಲಸ ನಂದು."

"ನಂದು ಮೂವತ್ತು." ನೀಲವ್ವ ಸೆರಗು ಸರಿಮಾಡಿಕೊಂಡಳು. "ನೀವು ಸುಳ್ಳು ಬರದ್ರಿ, ಮಂದಿ ಅದನ್ನ ಕದ್ರು, ಆ ಕದ್ದ ಮಾಲು ಒಟ್ಟಹಾಕಿ ನೀವ ಮತ್ತ ವಿಜ್ಞಾನ ಅಂದ್ರಿ. ನಾಚಿಕಿ ಬಂದ್ರ ಒತ್ರಿ. ಬರಲಿಲ್ಲ ಅಂದ್ರ ನಾ ಶನಿವಾರ ಅಲ್ಲೇ ಬಾಗಿಲದಾಗ ಕುಂತು, ಬಂದ ಬಂದ ಹುಡುಗರಿಗೆ ಹೇಳ್ತೀನಿ. ನನಗ ಬ್ಯಾರೆ ಕೆಲಸ ಇಲ್ಲ."

ಶಶಿಕಾಂತ ಒತ್ತಿದ. ನಾಚಿಕೆಯಿಂದಲೋ, ಬಾಗಿಲಲ್ಲಿ ಕೂರುವ ಮುದುಕಿಯ ಭಯದಿಂದಲೋ, ಅವನಿಗೇ ಖಚಿತವಿರಲಿಲ್ಲ.

ಶನಿವಾರ ಐದನೆಯ ತರಗತಿಯ ಹುಡುಗಿಯೊಬ್ಬಳು ಖಡ್ಗರಾಜನನ್ನು ಕೇಳಿದಳು: "ನೀವು ಎಷ್ಟನೇ ಕ್ಲಾಸಿನ ತನಕಾ ಓದೀರಿ?"

ಪ್ರತಿಮೆ ಸ್ವಲ್ಪ ತಡೆಯಿತು. ಈಗ ಅದರ ಬಳಿ ಉಳಿದಿದ್ದದ್ದು ಅವನ ಸಿನಿಮಾಗಳು ಮತ್ತು ನೀಲವ್ವ ಹೇಳಿದ ಒಂದು ಪುಟ. "ನಾ ಓದಿಲ್ಲ ಯವ್ವಾ," ಎಂದಿತು. "ನನ್ನ ಹೆಂಡ್ತಿ ಓದತಿದ್ಲು. ನಾ ಕೇಳತಿದ್ದೆ."

ಸಮಿತಿಯ ಸದಸ್ಯನೊಬ್ಬ, ಇದರಿಂದ ನಟನ ಘನತೆಗೆ ಧಕ್ಕೆಯಾಯಿತೆಂದು ಎದ್ದು ಹೋದ. ಅವನಿಗೆ ಎಂ.ಎ. ಬೇಕಿತ್ತು. ನೀಲವ್ವ ಕೊನೆಯವರೆಗೂ ಕುಳಿತಿದ್ದಳು.

ಹೊರಡುವಾಗ ಆಕೆ ಶಶಿಕಾಂತನಿಗೆ ಹೇಳಿದಳು: "ನಿಮ್ಮ ಆ ಪುಟ ಬಂದಾಗ ನಾನ ಅವ್ರಿಗೆ ಓದಿ ಹೇಳಿದ್ದೆ. ಎಮ್ಮೇ ಅಂದ ಕೂಡ್ಲೇ ನಕ್ಕರು. ಆಮ್ಯಾಲೆ ಕೇಳಿದ್ರು, ಬರೆದಾಂವ ನಮ್ಮ ಮನೀಗೆ ಬಂದಿದ್ದನೇನು ಅಂತ. ಧಾರವಾಡದಿಂದ ಬಸ್ಸಿಗೆ ಎಷ್ಟೊತ್ತು ತಮ್ಮಾ ಆಗ?"

"ಮುಕ್ಕಾಲು ತಾಸು."

"ಚಹಾ ಕುಡದು ಹೋಗಬಹುದಿತ್ತು."

ಉಳಿದ ನಲವತ್ತು ಊರುಗಳಲ್ಲಿ ಪ್ರತಿಮೆಗಳು ಏನು ಕೇಳಿದರೂ "ಗೊತ್ತಿಲ್ಲ" ಎನ್ನತೊಡಗಿದವು. ಜನ ಸಿಟ್ಟಾದರು. ಇಷ್ಟು ವರ್ಷ ಸುಳ್ಳು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬರಲಿಲ್ಲ, ಸುಳ್ಳು ನಿಂತದ್ದಕ್ಕೆ ಬಂತು. ಸರಕಾರ ತಂಡ ಕಟ್ಟಿ, ಆ ನಲವತ್ತು ಮಂದಿಯನ್ನು ಕಂಡವರು ಯಾರಾದರೂ ಉಳಿದಿದ್ದಾರೆಯೇ ಎಂದು ಊರೂರು ಹುಡುಕಿಸಿತು. ಶಶಿಕಾಂತನೂ ಹೋದ. ನರ್ತಕಿಯ ತಂಗಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಭಾಗವತರಿಗೆ ಮದ್ದಳೆ ನುಡಿಸುತ್ತಿದ್ದವನ ಮನೆಯಲ್ಲಿ ಬೇರೆ ಯಾರೋ ಇದ್ದರು. ಮೂವತ್ತೇಳು ಹೆಸರುಗಳ ಮುಂದೆ ತಂಡಕ್ಕೆ ಏನನ್ನೂ ಬರೆಯಲಾಗಲಿಲ್ಲ.

೨೦೨೬ರ ಜನವರಿಯಲ್ಲಿ ಇವರೆಲ್ಲ ಬದುಕಿದ್ದರು. ಬಾಗಿಲು ತಟ್ಟಿದ್ದರೆ ತೆರೆಯುತ್ತಿದ್ದರು.